ಇನ್ನೂರು ಬಾರ್

ಲಾರಿ ಟೈರಿಗೆ ನೂರಾ ಹತ್ತು, ಬೈಕಿನ ಹಿಂದಿನದಕ್ಕೆ ಮೂವತ್ತಾರು,
ಶಾಲೆ ಹುಡುಗರ ಸೈಕಲ್ಲಿಗೆ ಹೆಬ್ಬೆರಳೇ ಮೀಟರು.
ದಾವಣಗೆರೆ ಪಿ.ಬಿ. ರೋಡಿನ ಈ ತಗಡಿನ ಶೆಡ್ಡಿಗೆ ಬರುವ ಮೊದಲು
ನಾನು ತುಂಬುತ್ತಿದ್ದದ್ದು ಇನ್ನೂರು ಬಾರ್.
ಹಾಗೆಂದರೆ ಪಕ್ಕದ ಗ್ಯಾರೇಜಿನ ತಿಪ್ಪೇಶಿ ಕಣ್ಣು ಹೊಡೆಯುತ್ತಾನೆ:
‘ಒಂದೇ ಹಡಗಿನಾಗ ಇನ್ನೂರು ಬಾರಾ? ಬಿಟ್ಟು ಬಂದ್ಯಲ್ಲೋ ಮಾರಾಯ!’

ಹಡಗೆಂದರೆ ತೇಲುವ ಮದುವೆ ಛತ್ರ.
ಹನ್ನೆರಡು ಕೋಣೆ, ಕೋಣೆಗೊಂದು ಎ.ಸಿ.,
ಬಿಳಿ ಟವೆಲ್ಲನ್ನು ಹಂಸದ ಹಾಗೆ ಮಡಚಿಡಲೆಂದೇ ಒಬ್ಬ ಹುಡುಗ.
ಬೆಳಿಗ್ಗೆಗೊಂದು ದ್ವೀಪ, ಸಂಜೆಗೊಂದು,
ಒಂದೊಂದೂ ತಟ್ಟೆಯಂಚಿಗೆ ಸರಿಸಿಟ್ಟ ಬೆಣ್ಣೆಯಷ್ಟು.
ಅತಿಥಿಗಳು ದಿನಕ್ಕೆ ನಾಲ್ಕು ಸಲ ಮುಳುಗುತ್ತಿದ್ದರು,
ನಡುನಡುವೆ ತಿನ್ನುತ್ತಿದ್ದರು.
ನಾನು ಕೆಳಗೆ, ಹಿಂಬದಿಯಲ್ಲಿ, ಕಂಪ್ರೆಸರಿನ ಪಕ್ಕ.
ಪಿಂಜಾರ ಹುಸೇನಪ್ಪ ಯಾರ ನಾಲಿಗೆಗೂ ಹತ್ತದೆ
‘ಏರ್’ ಆದ.
ಏರ್, ನನ್ನ ಸಿಲಿಂಡರ್ ಆಯಿತಾ?

ಗಾಳಿಗೆ ರುಚಿ ಇರಬಾರದು.
ಅಷ್ಟೇ ನನ್ನ ವಿದ್ಯೆ.
ಗಾಳಿ ದಿಕ್ಕು ಬದಲಿಸಿದರೆ ನಡುರಾತ್ರಿಯಾದರೂ ಎದ್ದು
ಸೇದುವ ಕೊಳವೆಯ ಬಾಯಿ ತಿರುಗಿಸಬೇಕು,
ಇಲ್ಲವೇ ಜನರೇಟರಿನ ಹೊಗೆ ಒಳಹೊಕ್ಕು
ಮೂವತ್ತು ಮೀಟರ್ ಆಳದಲ್ಲಿ ಯಾರದೋ ತಲೆ ಸಿಡಿಯುತ್ತದೆ.
ತುಂಬಿದ್ದಕ್ಕೆ ಹಸಿರು ಟೇಪು. ಖಾಲಿಗೆ ಏನೂ ಇಲ್ಲ.

ಫೋನಿನಲ್ಲಿ ಅಪ್ಪ ಕೇಳಿದ:
‘ಗಾಳಿ ಇಲ್ಲದ ಕಡೆ ಹೋಗಾಕೆ ದುಡ್ಡು ಕೊಡ್ತಾರೇನಲೇ?’
ಕೊಡ್ತಾರಪ್ಪ. ಡಾಲರ್.
ಆ ತುದಿಯಲ್ಲಿ ನಗು ಉಬ್ಬಸಕ್ಕೆ ಸಿಕ್ಕಿಕೊಂಡು ಬಹಳ ಹೊತ್ತು ಬಿಡಲಿಲ್ಲ.
ನಲವತ್ತು ವರ್ಷ ಬಿಲ್ಲು ಮೀಟಿ ಹತ್ತಿ ಹಿಂಜಿದವನು,
ಊರ ಹಾಸಿಗೆಗಳಿಗೆಲ್ಲ ಗಾಳಿ ಹಾಕಿ
ಧೂಳನ್ನು ತಾನಿಟ್ಟುಕೊಂಡವನು.

ಒಂದು ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ್ದಾಗ,
ಮುಳುಗು ಕಲಿಸುವ ಮಾಲ್ಡೀವ್ಸ್ ಹುಡುಗಿ ಝೀನಾ
ಯಾರೋ ಅರ್ಧ ಉಸಿರಾಡಿ ಬಿಟ್ಟ ಸಿಲಿಂಡರನ್ನು ನನ್ನ ಬೆನ್ನಿಗೆ ಬಿಗಿದಳು.
ಎಂಬತ್ತು ಬಾರ್ ಇತ್ತು. ನಾನೇ ತುಂಬಿದ್ದು.
ಪರರು ಮಿಗಿಸಿದ ಅನ್ನ ಉಂಡಿದ್ದೇನೆ;
ಮಿಗಿಸಿದ ಉಸಿರು, ಅದೇ ಮೊದಲು.

ಕೆಳಗೆ ಮೊದಲು ಕೇಳಿದ್ದು ನನ್ನದೇ ಸದ್ದು.
ಎಳೆದಾಗ ಠಂಯ್, ಬಿಟ್ಟಾಗ ಗುಳುಗುಳು,
ಎಳೆದಾಗ ಮತ್ತೆ ಅಪ್ಪನ ಬಿಲ್ಲಿನ ನರ.
ಹಿಂಜಿದ ಹತ್ತಿಯೇ ಜೀವ ಬಂದು ಅಲ್ಲಿ ತೇಲುತ್ತಿತ್ತು;
ಮುಟ್ಟಬೇಡವೆಂದು ಝೀನಾ ಕೈ ಹಿಡಿದಳು, ಉರಿಯುತ್ತದಂತೆ.
ಆಮೇಲೆ ಬಂತು ಅದು. ಮೀನು ಅನ್ನುತ್ತಾರೆ.
ನನಗೆ ಕಂಡದ್ದು ಅವ್ವ ಅಂಗಳದಲ್ಲಿ ಕೌದಿಯನ್ನು
ಒಂದು ಸಲ ಕೊಡವಿದ್ದು,
ಅದು ಮತ್ತೆ ನೆಲಕ್ಕಿಳಿಯದೇ ಹೋದದ್ದು.
ನಗಲು ಹೋಗಿ ಉಪ್ಪುನೀರು ಕುಡಿದೆ.

ಗಾಳಿಗೆ ರುಚಿ ಇರಲಿಲ್ಲ. ಆಣೆ.
ಹಲ್ಲಿನ ಸಂದಿಯಲ್ಲೂ ಹುಡುಕಿದೆ, ಇರಲಿಲ್ಲ.
ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹಡಗಿನ ಅಂಚಿಗೆ ಕೂತು ಗುಳ್ಳೆ ಎಣಿಸುತ್ತಿದ್ದೆ:
ಅಗೋ ಜರ್ಮನಿಯ ಗಂಡ ಹೆಂಡತಿ, ಜೊತೆಜೊತೆಗೆ;
ಅಗೋ ಬೊಂಬಾಯಿಯ ಸೇಟು, ಅವನದು ಸಣ್ಣದು, ಅವಸರದ್ದು.
ಗುಳ್ಳೆ ಬರುವ ತನಕ ಎಲ್ಲರೂ ಇದ್ದಾರೆ.
ಇಲ್ಲಿ ಬಾನಿಯ ನೀರಿಗೆ ಟ್ಯೂಬು ಅದ್ದಿ ತಿರುಗಿಸುತ್ತೇನೆ,
ಗುಳ್ಳೆ ಬಂದರೆ ತೂತು.
ಬೆರಳಿಟ್ಟು, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಬೇಕು.
ಆದರೂ ಬೆರಳಿಡುವ ಮೊದಲು ಒಂದೆರಡನ್ನು
ಸುಮ್ಮನೆ ಮೇಲೆ ಬರಲು ಬಿಡುತ್ತೇನೆ.
‘ಏನ್ ನೋಡ್ತೀಯೋ, ಮೆಣಸಿನಕಾಯಿ ಲೋಡ್ ಐತಿ,
ಬ್ಯಾಡಗಿ ಮುಟ್ಟಬೇಕು!’ ಡ್ರೈವರ್ ಹಾರ್ನ್ ಒತ್ತುತ್ತಾನೆ.

ಶೆಡ್ಡಿನ ಹಿಂದೆ, ನೆರಳಿನ ಮಂಚದ ಮೇಲೆ ಅಪ್ಪ.
ಮೂಗಿಗೆ ನಳಿಕೆ, ಪಕ್ಕಕ್ಕೆ ಬಾಡಿಗೆ ಸಿಲಿಂಡರು,
ಅದಕ್ಕೆ ಕಟ್ಟಿದ ಬಾಟಲಿಯ ನೀರಲ್ಲಿ ಗುಳುಗುಳು.
ಅದನ್ನು ತುಂಬುವವನು ಬೇರೆ ಯಾರೋ.
ಸಂಜೆ ನಾನು ಮೀಟರಿಗೆ ಉಗುರಿನಿಂದ ಬಡಿಯುತ್ತೇನೆ.
‘ಎಷ್ಟೈತಲೇ?’
‘ಎಂಬತ್ತು.’
‘ಹಂಗಾರೆ ಒಂದ್ಸಲ ಮುಳುಗಿ ಬರಬೋದು ಬಿಡು,’ ಅನ್ನುತ್ತಾನೆ,
ಮಗ್ಗುಲು ಬದಲಿಸುತ್ತಾನೆ.