ತುದಿಯ ಬೆಳ್ಳಿ

ಶಿಡ್ಲಘಟ್ಟದಲ್ಲಿ ಮನೆ ಹುಡುಕಲು ನನಗೆ ನಂಬರು ಬೇಡ,
ಮೂಗು ಸಾಕು. ಬೆಂದ ಹುಳದ ವಾಸನೆ ಹಿಡಿದು
ಎರಡು ಓಣಿ ದಾಟಿ ಎಡಕ್ಕೆ ಹೊರಳಿದರೆ
ಜಬೀನಾ ಖಾನಂ ಅವರ ಬಿಚ್ಚಣಿಕೆ ಮನೆ.
"ನೀರು ಕಾಯ್ತಾ ಇಲ್ಲ ನಾರೆಪ್ಪ" ಅಂದಿದ್ದರು ಫೋನಿನಲ್ಲಿ,
ತಪ್ಪು ನನ್ನದೇ ಅನ್ನುವ ಹಾಗೆ.

ತಾರಸಿಯ ಮೇಲೆ ಅರವತ್ತು ಕೊಳವೆ.
ದಕ್ಷಿಣಕ್ಕೆ ಮುಖ ಮಾಡಿ ಒರಗಿಕೊಂಡಿವೆ,
ಎರಡನೇ ಪಂಕ್ತಿಗೆ ಕಾದ ನೆಂಟರಂತೆ.
ಗಾಜಿನೊಳಗೆ ಗಾಜು. ನಡುವೆ ಏನೂ ಇಲ್ಲ,
ಗಾಳಿ ಕೂಡ ಇಲ್ಲ.
ಕಂಪನಿಯ ತರಬೇತಿಯಲ್ಲಿ ಒಂದಿಡೀ ಮಧ್ಯಾಹ್ನ
ಈ ಏನೂ ಇಲ್ಲದರ ಬಗ್ಗೆಯೇ ಹೇಳಿದ್ದರು:
ಬಿಸಿಲು ಒಳಗೆ ಬರುತ್ತೆ, ಕರಿ ಲೇಪಕ್ಕೆ ಬಿದ್ದು ಬಿಸಿಯಾಗುತ್ತೆ,
ವಾಪಸು ಹೋಗೋಣವೆಂದರೆ
ಕಾಲೂರಲು ನೆಲವಿಲ್ಲ.

ಅದಕ್ಕೇ ಒಳ್ಳೆಯ ಕೊಳವೆ ಮುಟ್ಟಿದರೆ ತಣ್ಣಗಿರುತ್ತದೆ,
ಒಳಗೆ ನೀರು ಮರಳುತ್ತಿದ್ದರೂ.
ಕೈ ಚುರುಕ್ ಅಂದರೆ ಅದು ಹೋಯಿತೆಂದೇ ಲೆಕ್ಕ.
ಸಾಲಿನುದ್ದಕ್ಕೂ ಕೈಯಾಡಿಸುತ್ತ ನಡೆದೆ:
ತಣ್ಣಗೆ, ತಣ್ಣಗೆ, ತಣ್ಣಗೆ, ಹಾ!
ಬಗ್ಗಿ ನೋಡಿದರೆ ಬುಡದ ತುದಿಯಲ್ಲಿ
ಕನ್ನಡಿಯಂತೆ ಹೊಳೆಯಬೇಕಾದ ಬೆಳ್ಳಿ
ನೀರುಮಜ್ಜಿಗೆಯಂತೆ ಬಿಳಿಚಿಕೊಂಡಿದೆ.
ಎಲ್ಲೋ ಕೂದಲೆಳೆಯ ಬಿರುಕು. ಗಾಳಿ ಹೊಕ್ಕಿದೆ.
ಇಂಥವು ಏಳು.

ಟ್ಯಾಂಕಿನದು ಬೇರೆ ಕತೆ.
ಸಾವಿರದ ಮುನ್ನೂರು ಅಡಿಯಿಂದ ಬರುವ ನೀರು
ದಾರಿಯಲ್ಲಿ ಬಂಡೆಯನ್ನೂ ನೆಕ್ಕಿಕೊಂಡು ಬರುತ್ತದೆ.
ಮುಚ್ಚಳ ತೆಗೆದು ತಟ್ಟಿದೆ,
ಅಕ್ಕಿರೊಟ್ಟಿಯಷ್ಟು ದಪ್ಪ ಸುಣ್ಣ ಎದ್ದು ಬಂತು.

"ಮೋಟರಿಲ್ಲದೆ ಈ ನೀರು ಮೇಲಕ್ಕೆ ಹೇಗಪ್ಪ ಹತ್ತುತ್ತೆ?"
ಎಂಟು ವರ್ಷ ಸುಮ್ಮನಿದ್ದು ಇವತ್ತು ಕೇಳಿದರು ಜಬೀನಾ.
"ಕಾದದ್ದು ಹಗುರಾಗುತ್ತೆ ಅಮ್ಮ, ತಾನೇ ಏಳುತ್ತೆ.
ತಣ್ಣಗಿರೋದು ಭಾರ, ಇಳಿದು ಅದರ ಜಾಗಕ್ಕೆ ಬರುತ್ತೆ.
ಯಾರೂ ದೂಡಬೇಕಿಲ್ಲ."
"ಕಾದೂ ಕಾದೂ ಹಗುರಾದೋರನ್ನ
ನಾನಂತೂ ನೋಡಿಲ್ಲ" ಅಂದು ಚಹಾ ತರಲು ಇಳಿದರು.

ಕೆಳಗೆ ಬೇಸಿನ್ನುಗಳು.
ಮೇಲಿನಿಂದ ಅರವತ್ತೈದು ಡಿಗ್ರಿಗೆ ಇಳಿದ ನೀರನ್ನು
ಬಾಯ್ಲರು ಮಿಕ್ಕಷ್ಟು ಕಾಯಿಸುತ್ತದೆ.
ಮುಂಚೆ ದಿನಕ್ಕೆ ಆರು ಹೊರೆ ನೀಲಗಿರಿ ಸೌದೆ, ಈಗ ನಾಲ್ಕು.
ಆಷಾಢದಲ್ಲಿ ಮೋಡ ಕೂತರೆ ಮತ್ತೆ ಆರೇ,
ಸುಳ್ಳು ಯಾಕೆ ಹೇಳಲಿ.

ಗೂಡು ಕಟ್ಟುವಾಗ ಹುಳ
ಬೆಳಕಿನ ಬಾಗಿಲೆಲ್ಲ ಒಳಗಿಂದ ಮುಚ್ಚಿಕೊಂಡಿತ್ತು.
ಸೂರ್ಯ ಸುತ್ತುದಾರಿ ಹಿಡಿದು, ನೀರಾಗಿ ಬಂದು,
ಅಂಟು ಸಡಿಲಿಸುತ್ತಾನೆ.
ಎಳೆಯ ತುದಿ ತೇಲುತ್ತದೆ.

ಅದನ್ನು ಹಿಡಿಯುವವಳು ಮುನಿಲಕ್ಷ್ಮಮ್ಮ.
ನನ್ನ ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ಸಿಗುತ್ತದೆ.
ಕೆಟ್ಟ ಕೊಳವೆಗಳನ್ನು ಗೋಣಿಯಲ್ಲಿ ಸುತ್ತಿ ಇಳಿಯುತ್ತಿದ್ದೆ,
"ಏನಾಗಿತ್ತು ಇವಕ್ಕೆ?" ಅಂದಳು.
ತೋರಿಸಿದೆ: ಒಳ್ಳೇದು ಮುಟ್ಟಿದರೆ ತಣ್ಣಗಿರುತ್ತೆ,
ತುದಿ ಹೀಗೆ ಬೆಳ್ಳಗಾದರೆ ಮುಗೀತು, ಬದಲಾಯಿಸಬೇಕು.
"ವಾರಂಟಿ?"
"ಐದು ವರ್ಷ. ಮುಗಿದು ಮೂರಾಯ್ತು."

ಬೇಸಿನ್ನಿನಿಂದ ಕೈ ಎತ್ತಿ
ಹತ್ತೂ ಬೆರಳು ಬಿಡಿಸಿ ನನ್ನ ಮುಂದೆ ಹಿಡಿದಳು.
ನೆನೆದು, ಬೆಂದು, ಮುದುರಿ,
ತುದಿಗಳು ಸುಣ್ಣ.
"ಇವಕ್ಕೆ ಇಪ್ಪತ್ತೆರಡು ವರ್ಷ. ನಡೀತಾ ಅವೆ ನೋಡು."
ಮತ್ತೆ ನೀರಿಗೆ ಇಳಿಸಿ
ಹರಿದ ಎಳೆಗೆ ಎಳೆ ಸೇರಿಸಿದಳು.

ರಸೀತಿ ಬರೆದೆ: ಕೊಳವೆ ಏಳು, ವಾಷರು ಏಳು,
ಸುಣ್ಣ ಕೆರೆದ ಕೂಲಿ. ಬೇರೇನೂ ಬರೆಯಲಾಗಲಿಲ್ಲ.

ಚಿಂತಾಮಣಿ ದಾರಿಯಲ್ಲಿ ಅರ್ಧಕ್ಕೆ ನೆನಪಾಯಿತು,
ಹೊಸ ಗಾಜು ಕಾದು ಸೀಳದಿರಲೆಂದು ಹೊದಿಸಿದ ಕಂಬಳಿ
ಅಲ್ಲೇ ಬಿಟ್ಟಿದ್ದೇನೆ.
ಗಾಡಿ ನಿಲ್ಲಿಸಿ ಫೋನು ಮಾಡಿದೆ.
"ಮುನಿಲಕ್ಷ್ಮಮ್ಮ ಆಗಲೇ ತೆಗೆದಳಪ್ಪ" ಅಂದರು ಜಬೀನಾ,
"ಏಳನ್ನೂ ಮುಟ್ಟಿ ನೋಡಿದಳು.
ಎಲ್ಲಾ ತಣ್ಣಗಿವೆಯಂತೆ."