ಭಟ್ಟಿಯ ಹಿಂದಿನ ಮನೆ

ನಾಲ್ಕೂವರೆಗೆ ಏಳುತ್ತೇನೆ.
ಹಯಾತ್ ಸಾಬರ ಮಂಡಕ್ಕಿ ಭಟ್ಟಿ
ನನಗಿಂತ ಮೊದಲೇ ಎದ್ದಿರುತ್ತದೆ.
ಕಿಟಕಿಯ ಸಂದಿಯಿಂದ ಹೊಟ್ಟಿನ ಹೊಗೆ,
ತೊಡೆಯ ಮೇಲೆ ಕೀರ್ತನೆಗಳ ಪುಟ,
ಪುಟದ ಮೇಲೆ ತೆಳ್ಳಗೆ ಮಸಿ.

ಪರಲೋಕದಲ್ಲಿರುವ ನಮ್ಮ ತಂದೆಯೇ ಅನ್ನುವಷ್ಟರಲ್ಲಿ
ನಳ ಬಂತೇನೋ ಎಂದು ಕಿವಿ ಬೀದಿಗೆ ಹೋಗುತ್ತದೆ.
ಕರೆತಂದು ಕೂರಿಸುತ್ತೇನೆ.
ಸಿಲಿಂಡರ್ ಬುಕ್ ಮಾಡಿಲ್ಲವೆಂದು ಮನಸ್ಸು ಏಳುತ್ತದೆ.
ದಾವಣಗೆರೆಗೆ ಮದುವೆಯಾಗಿ ಬಂದು ಹನ್ನೊಂದು ವರ್ಷ,
ಇದೇ ಪಾಡು.

ಸುವಾರ್ತಮ್ಮತ್ತೆಗೆ ಒಮ್ಮೆ ಹೇಳಿಕೊಂಡೆ:
ಪ್ರಾರ್ಥನೆ ಬರುತ್ತಿಲ್ಲ, ಬರೀ ಕೂತಿರುತ್ತೇನೆ.
ಮೆಣಸಿನಕಾಯಿ ತೊಟ್ಟು ಮುರಿಯುತ್ತ ಅಂದರು,
"ಕೂತ್ಕೊ ಮತ್ತೆ. ಬಾಗ್ಲು ಕಾಯೋರೂ ಬೇಕಲ್ಲ."

ಲೆಂಟಿನ ಮೂರನೇ ವಾರ.
ಗೋಡೆಯಾಚೆ ಕಾದ ಮರಳಿಗೆ ಅಕ್ಕಿ ಬಿತ್ತು.
ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಚಟಪಟ,
ಅದರ ನಡುವೆ ಜರಡಿ ಹಿಡಿಯುವವನ ಕೆಮ್ಮು.
ದಿನವೂ ಕೇಳುತ್ತೇನೆ,
ಅವನ ಹೆಸರು ಗೊತ್ತಿಲ್ಲ.

ಇವತ್ತು ಆ ಕೆಮ್ಮಿಗಾಗಿ ಬೇಡಿಕೊಂಡೆ.
ಬೇರೇನೂ ನೆನಪಾಗಲಿಲ್ಲ.
ಆಮೆನ್ ಅಂದು ಕಣ್ಣು ಬಿಟ್ಟಾಗ
ನಳ ಬಂದು, ಕೊಡ ತುಂಬಿ,
ನೀರು ಹೊಸ್ತಿಲವರೆಗೂ ಹರಿದಿತ್ತು.