ಯಕಾರ

ರಾಜಾಜಿನಗರ, ರಾತ್ರಿ ಒಂಬತ್ತೂವರೆ. ಊಟದ ಮೇಜಿನ ಮೇಲೆ
ಪೇಟೆಂಟ್ ನಿರಾಕರಿಸಿದ ಆದೇಶ, ಹದಿನಾಲ್ಕು ಪುಟ.
ಆ ತುದಿಗೆ ಮಗಳ ವ್ಯಾಕರಣದ ಪುಸ್ತಕ.

ಒಂದನೇ ದಾಖಲೆ: ಎಳೆ ಕಡಿದರೆ ತಾನೇ ನಿಲ್ಲುವ ಮಗ್ಗ, ೧೯೬೧ರದು.
ಎರಡನೆಯದು: ಶಾವಿಗೆ ಒತ್ತುವ ಯಂತ್ರ.
ಎರಡನ್ನೂ ಕೂಡಿಸಿದರೆ ಗಂಗಹನುಮಯ್ಯನ ಊದುಬತ್ತಿ ಯಂತ್ರ,
"ನಿಪುಣನಾದ ಯಾರಿಗಾದರೂ ಹೊಳೆಯುವಂಥದ್ದು."

ಆ ನಿಪುಣನನ್ನು ಇಪ್ಪತ್ತು ವರ್ಷದಿಂದ ಬಲ್ಲೆ.
ಲೋಕದ ಕಾಗದವನ್ನೆಲ್ಲ ಓದಿದ್ದಾನೆ, ಜಪಾನಿಯಲ್ಲೂ.
ಕನಸು ಬೀಳುವುದಿಲ್ಲ. ಬೆರಳಿಗೆ ಗ್ರೀಸ್ ಅಂಟಿಲ್ಲ.
ಪೀಣ್ಯ ಎರಡನೇ ಹಂತದ ಶೆಡ್ಡಿನಲ್ಲಿ
ಕರೆಂಟು ಹೋದಾಗ ಸುಮ್ಮನೆ ಕೂತು
ತನ್ನದೇ ಹರಿದ ಹವಾಯಿ ಚಪ್ಪಲಿ ನೋಡಿದವನಲ್ಲ.

ಗಂಗಹನುಮಯ್ಯ ನೋಡಿದ.
ಅಟ್ಟೆಯಿಂದ ಒಂದು ಬಿಲ್ಲೆ ಕತ್ತರಿಸಿ
ಮಗ್ಗದ ತಂತಿಗೂ ಶಾವಿಗೆಯ ಉರುಳೆಗೂ ನಡುವೆ ಇಟ್ಟ.
ಹಸಿ ಬತ್ತಿ ಮುರಿಯುವುದು ನಿಂತಿತು.
ಏಳು ವರ್ಷ ಆಗಿತ್ತು.
ಒಗಟು ಬಿಡಿಸಿದ ಮೇಲೆ ಎಲ್ಲರೂ ಅನ್ನುವುದು ಒಂದೇ:
ಅಷ್ಟೇನಾ?

"ಅಪ್ಪಾ, ಮಳೆ ಪ್ಲಸ್ ಇಂದ, ಮಳೆಯಿಂದ.
'ಮಳೆ'ಲಿ ಯ ಇಲ್ಲ, 'ಇಂದ'ದಲ್ಲೂ ಇಲ್ಲ.
ಮತ್ತೆ ಎಲ್ಲಿಂದ ಬಂತು?"

"ಆಗಮ ಸಂಧಿ. ಅದು ಹಾಗೇ ಬರುತ್ತೆ, ಬರ್ಕೋ,"
ಅಂದೆ, ಕಣ್ಣೆತ್ತದೆ,
ಆದೇಶದ ಒಂಬತ್ತನೇ ಪುಟದ ದನಿಯಲ್ಲೇ.

ಅವಳು ಬರೆದುಕೊಳ್ಳಲಿಲ್ಲ.
ಪೆನ್ಸಿಲ್ ಕಚ್ಚಿಕೊಂಡು ಆ ಅಕ್ಷರವನ್ನೇ ನೋಡುತ್ತಿದ್ದಾಳೆ,
ಬಾಗಿಲು ತಟ್ಟದೆ ಒಳಬಂದವರನ್ನು ನೋಡುವ ಹಾಗೆ.
ಮೇಲ್ಮನವಿಯ ಮೊದಲ ಸಾಲು ಇನ್ನೂ ಖಾಲಿ.
ಕುರ್ಚಿ ಎಳೆದುಕೊಂಡು ಅವಳ ಪಕ್ಕ ಹೋಗಿ ಕೂತೆ.
"ಎಲ್ಲಿ, ಇನ್ನೊಂದು ಸಲ ಕೇಳು."